ಅರಮನೆಯಲ್ಲಿ ಬಿಸಿನೀರು ಕೇಳಬಾರದು

ಸಾದಾ ಲಾಡ್ಜಿನಲ್ಲಿ ಬಿಸಿನೀರು ಬರದಿದ್ದರೆ ಜಗಳ ಆಡಬಹುದು. ಕೌಂಟರಿನ ಹುಡುಗ "ಬರುತ್ತೆ ಸಾರ್, ಐದು ನಿಮಿಷ ನಲ್ಲಿ ಬಿಟ್ಟಿರಿ" ಅಂತಾನೆ. ನಾವು "ಅರ್ಧ ಗಂಟೆಯಿಂದ ಬಿಟ್ಟುಕೊಂಡೇ ಇದೀನಯ್ಯ" ಅಂತೀವಿ. ಅವನು ಗೊಣಗುತ್ತಾನೆ, ನಾವು ಗದರುತ್ತೇವೆ, ಕೊನೆಗೊಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹೊಗೆಯಾಡುವ ನೀರು ಬಂದು ಬಾಗಿಲ ಮುಂದೆ ಕೂರುತ್ತದೆ. ವ್ಯವಹಾರ ಮುಗಿಯಿತು. ನೂರು ವರ್ಷದ ಬಂಗಲೆಯನ್ನು ಹೋಟೆಲು ಮಾಡಿಕೊಂಡ ಕಡೆ ಈ ಸುಖ ಇಲ್ಲ. ಅಲ್ಲಿ ಬಿಸಿನೀರು ಕೇಳಿದರೆ ಇತಿಹಾಸ ಬರುತ್ತದೆ. "ಇದು ಹೆರಿಟೇಜ್ ಪ್ರಾಪರ್ಟಿ ಸಾರ್" ಅಂತ ಮ್ಯಾನೇಜರು ಕೈಕಟ್ಟಿ, ತಲೆ ಓರೆ ಮಾಡಿ ಒಂದು ಮಾತು ಹೇಳಿದರೆ ಸಾಕು, ಸ್ನಾನ ಮಾಡಬೇಕೆಂದ ನಾವೇ ಸಂಸ್ಕಾರವಿಲ್ಲದವರಾಗಿ ಅವನೆದುರು ನಿಂತಿರುತ್ತೇವೆ.

ಮೈಸೂರಿನಲ್ಲಿ ನಮಗೆ ಈ ಯೋಗ ಕೂಡಿಬಂದದ್ದು ಭಾವಮೈದುನನ ದೆಸೆಯಿಂದ. ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಏನಾದರೂ ಕೊಡಬೇಕೆಂದು ಅವನಿಗೆ ಕ್ಯಾಲಿಫೋರ್ನಿಯಾದಲ್ಲಿ ಕೂತಲ್ಲೇ ಹೊಳೆದಿದೆ. ಮಿಕ್ಸಿ ಕೊಟ್ಟಿದ್ದರೆ ಆಗಿಹೋಗುತ್ತಿತ್ತು. "ಭಾವ, ನೀವೂ ಅಕ್ಕನೂ ರಾಜ ರಾಣಿ ಆಗಿ ಇದ್ದು ಬನ್ನಿ" ಎಂದು ಅಲ್ಲಿಂದಲೇ ಕೋಣೆ ಗೊತ್ತು ಮಾಡಿ ದುಡ್ಡೂ ಕಟ್ಟಿಬಿಟ್ಟ. ದಿನದ ಬಾಡಿಗೆ ಏಳೂವರೆ ಸಾವಿರ ದಾಟಿದ್ದರಿಂದ ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಇನ್ನೊಬ್ಬರು ದುಡ್ಡು ತೆತ್ತ ಸುಖವನ್ನು ಬೈಯುವ ಹಾಗಿಲ್ಲ, ಅದರಲ್ಲೂ ತೆತ್ತವನು ಹೆಂಡತಿಯ ತಮ್ಮನಾದರೆ ಮುಗಿದೇ ಹೋಯಿತು. ಹೋಟೆಲಿನ ಹೆಸರು ಬೇಡ ಬಿಡಿ. ಮೈಸೂರಿನಲ್ಲಿ ಹಳೇ ಬಂಗಲೆಗಳಿಗೇನು ಬರವೇ?

ರಾಜರ ಮನೆಯಲ್ಲಿ ದುಡ್ಡು ಕೊಟ್ಟು ಮಲಗುವ ಪದ್ಧತಿಗೆ ನಾನೇನೂ ವಿರೋಧಿಯಲ್ಲ. ಅದನ್ನು ಶುರುಮಾಡಿದವರು ರಾಜರೇ. ಜೈಪುರದ ಸವಾಯಿ ಮಾನಸಿಂಗರು 1957ರಲ್ಲೇ ರಾಮಬಾಗ್ ಅರಮನೆಯನ್ನು ಹೋಟೆಲು ಮಾಡಿದರು. ಉದಯಪುರದ ಪಿಚೋಲಾ ಕೆರೆಯ ನಡುವೆ ಬೆಳ್ಳಗೆ ತೇಲುವ ಜಗ್ ನಿವಾಸ 1963ರಲ್ಲಿ ಆ ದಾರಿ ಹಿಡಿಯಿತು. ಆಗಿನ್ನೂ ದಿಲ್ಲಿಯಿಂದ ರಾಜಧನ ಬರುತ್ತಿತ್ತು. 1971ರಲ್ಲಿ ಇಂದಿರಾ ಗಾಂಧಿ ಅದನ್ನು ನಿಲ್ಲಿಸಿದ ಮೇಲಂತೂ ಅಷ್ಟು ದೊಡ್ಡ ಸೂರಿಗೆ ಸುಣ್ಣ ಬಳಿಸುವುದಕ್ಕಾದರೂ ಯಾರಾದರೂ ಬಂದು ಬಾಡಿಗೆಗೆ ಮಲಗಲೇಬೇಕಾಯಿತು. ನಮ್ಮಲ್ಲೇ, ವೈಸ್‌ರಾಯ್ ಬಂದರೆ ಇಳಿದುಕೊಳ್ಳಲಿ ಎಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿದ ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಇದರಲ್ಲಿ ಒಂದು ನ್ಯಾಯವೂ ಇದೆ. ಬೀಗ ಹಾಕಿಟ್ಟ ಅರಮನೆಗೆ ಬಾವಲಿಗಳು ಬರುತ್ತವೆ, ಅವು ಬಾಡಿಗೆ ಕೊಡುವುದಿಲ್ಲ.

ಆಮೇಲೆ ಅರಮನೆಗಳು ಮುಗಿದವು, ರಾಜರಾಗಬೇಕೆನ್ನುವವರ ಸಾಲು ಮುಗಿಯಲಿಲ್ಲ. ಅಧಿಕಾರಿಗಳ ಬಂಗಲೆ, ಸಾಹುಕಾರರ ಮನೆ, ಬೇಟೆಯ ಬಿಡದಿ, ಎಲ್ಲಕ್ಕೂ ಭಾಗ್ಯ ತೆರೆಯಿತು. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯದ ಲೆಕ್ಕದಲ್ಲಿ ಹೆರಿಟೇಜ್ ಹೋಟೆಲು ಅನ್ನಿಸಿಕೊಳ್ಳಬೇಕಾದರೆ ಕಟ್ಟಡ 1950ಕ್ಕಿಂತ ಮುಂಚಿನದಾಗಿರಬೇಕು, ಮುಂಭಾಗದ ಚಹರೆ ಕೆಡಿಸಿರಬಾರದು. ನಮ್ಮ ಮಾವನವರೂ 1950ಕ್ಕಿಂತ ಮುಂಚಿನವರು, ಮುಂಭಾಗದ ಚಹರೆ ಇವತ್ತಿಗೂ ಗಟ್ಟಿಯಾಗಿದೆ. ಅವರಿಗೆ ಇದುವರೆಗೆ ಯಾರೂ ದರ್ಜೆ ಕೊಟ್ಟಿಲ್ಲ.

ಪೋರ್ಟಿಕೋದಲ್ಲಿ ಆಟೋ ಇಳಿದಾಗ ಬಾಗಿಲಲ್ಲಿ ನಿಂತಿದ್ದ ಹುಡುಗನ ತಲೆಯ ಮೇಲೆ ಕೆಂಪು ಹಳದಿ ಬಣ್ಣದ, ಬೆನ್ನಿನ ತನಕ ಬಾಲ ಇಳಿಬಿಟ್ಟ ರಾಜಸ್ಥಾನಿ ಸಾಫಾ. ಕೈಮುಗಿದು "ಖಮ್ಮಾ ಘಣಿ" ಅಂದ. ನಮ್ಮಾಕೆ ಗಾಬರಿಯಿಂದ ನನ್ನ ಮುಖ ನೋಡಿದಳು. "ಯಾವೂರಪ್ಪ ನಿಂದು?" ಅಂತ ಕೇಳಿದೆ. "ನಂಜನಗೂಡು ಸಾರ್. ಕಂಪ್ನಿಯೋರು ಕೊಟ್ಟಿರೋ ಡ್ರೆಸ್ಸು." ಮೈಸೂರು ಪೇಟ ಅನ್ನುವುದೊಂದಿದೆ, ಜರಿ ಅಂಚಿನದು, ಈ ಊರಿನದೇ. ಅದು ಎಷ್ಟು ಅಗ್ಗವಾಗಿ ಸಿದ್ಧವಾಗಿ ಸಿಗುತ್ತದೆಂದರೆ ಕರ್ನಾಟಕದಲ್ಲಿ ಒಂದು ಸಾರಿ ವೇದಿಕೆ ಹತ್ತಿ ಇಳಿದ ಯಾರ ತಲೆಯೂ ಅದನ್ನು ತಪ್ಪಿಸಿಕೊಂಡದ್ದಿಲ್ಲ. ಸನ್ಮಾನಕ್ಕೆ ಸಾಲುವ ಪೇಟ ಬಾಗಿಲು ಕಾಯಲು ಸಾಲದೆ ಹೋಯಿತಲ್ಲ! ಒಳಗೆ ಗೋಡೆಯ ತುಂಬ ಕಂದು ಬಣ್ಣದ ಹಳೇ ಫೋಟೋಗಳು. ಹತ್ತಿರ ಹೋಗಿ ನೋಡಿದರೆ ಅಲ್ಲಿ ಕೂತಿದ್ದವರದೂ ಸಾಫಾ, ಹಿಂದೆ ಒಂಟೆ. ಮೈಸೂರಿನ ಬಂಗಲೆಯ ಪೂರ್ವಜರು ಒಂಟೆ ಏರಿ ಎತ್ತ ಹೋಗುತ್ತಿದ್ದರು, ತಿ. ನರಸೀಪುರಕ್ಕೋ?

ಆ ಕಟ್ಟಡಕ್ಕೆ ವಯಸ್ಸೆಷ್ಟು ಅನ್ನುವುದು ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ನಿಂತಿತ್ತು. ಸೂಟ್‌ಕೇಸು ಹೊತ್ತ ಹುಡುಗ "ಟಿಪ್ಪು ಸುಲ್ತಾನ್ ಕಾಲದ್ದು ಸಾರ್" ಅಂದ. ಅವನು ಬಾಗಿಲು ಬಡಿಯದಿರಲೆಂದು ಒತ್ತುಕೊಟ್ಟು ಇಟ್ಟಿದ್ದ ಮುರುಕು ಹೆಂಚಿನ ಮೇಲೆ ಬಾಸೆಲ್ ಮಿಷನ್ನಿನ ಅಚ್ಚು ಇತ್ತು. ಆ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರಲ್ಲಿ. ಸೂರಿಲ್ಲದ ಮನೆಯಲ್ಲಿ ಸುಲ್ತಾನರು ಬಹಳ ವರ್ಷ ಕಾದಿರಬೇಕು. ಮ್ಯಾನೇಜರು ಇನ್ನೊಂದು ಮೆಟ್ಟಿಲು ಮೇಲೆ. ನಡುಮನೆಯ ದೀಪದ ಗೊಂಚಲು ತೋರಿಸಿ "1890 ಸಾರ್, ಒರಿಜಿನಲ್ ವೈರಿಂಗು" ಅಂದರು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ಮಗ್ಗುಲಲ್ಲೇ ಇದ್ದ ಮೈಸೂರಿನ ಬೀದಿಗೆ ಅದು ಬಂದದ್ದು 1908ರಲ್ಲಿ. ಅಲ್ಲಿಯ ತನಕ ಆ ಗೊಂಚಲು ವೈರು ಸಮೇತ ನೇತಾಡುತ್ತ ಕರೆಂಟಿನ ದಾರಿ ಕಾಯುತ್ತಿತ್ತು ಅಂತಾಯಿತು. ಬಾಯಿ ತೆರೆಯಲು ಹೋದೆ. ನಮ್ಮಾಕೆ ಮೊಣಕೈಯಿಂದ ತಿವಿದಳು. "ಬಂದ ಕೂಡಲೇ ಶುರು ಮಾಡ್ಬೇಡಿ, ಮೊದಲು ಕಾಫಿ ಕೊಡ್ತಾರಾ ಕೇಳಿ."

ಕಾಫಿ ಕೊಡಲಿಲ್ಲ, ವೆಲ್ಕಂ ಡ್ರಿಂಕ್ ಕೊಟ್ಟರು. ನೀಲಿ ಬಣ್ಣದ್ದು.

ಕೋಣೆ ದೊಡ್ಡದಿತ್ತು, ಸುಳ್ಳು ಹೇಳಬಾರದು. ನಮ್ಮ ಬೆಂಗಳೂರಿನ ಫ್ಲ್ಯಾಟನ್ನು ಅದರೊಳಗೆ ಇಟ್ಟು ಸುತ್ತ ಪ್ರದಕ್ಷಿಣೆ ಹಾಕಬಹುದಿತ್ತು. ಹದಿನೆಂಟು ಅಡಿ ಎತ್ತರದ ತಾರಸಿ, ತೇಗದ ತೊಲೆ, ನೆಲಕ್ಕೆ ಕಾವಿ ಬಣ್ಣದ ಗಾರೆ. ಆ ಗಾರೆ ಮಾತ್ರ ಎಷ್ಟು ನುಣುಪೆಂದರೆ ನಮ್ಮಾಕೆ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಎರಡು ಸುತ್ತು ನಡೆದಳು, "ನಮ್ಮಜ್ಜಿ ಮನೆ ನೆಲ ಹೀಗೇ ಇತ್ತು" ಅಂದಳು. ನಾಲ್ಕು ಕಂಬದ ಮಂಚ, ಹತ್ತಲು ಮೂರು ಮೆಟ್ಟಿಲಿನ ಮಣೆ. ಮಂಚದ ತಲೆಗಡೆಯ ಗೋಡೆಯ ಮೇಲೆ ಒಂದು ಚಿರತೆಯ ತಲೆ.

ಈ ಚಿರತೆಯ ವಿಷಯ ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ವ್ಯಾನ್ ಇಂಗೆನ್ ಅಂತ ಒಂದು ಮನೆತನದ ಕಾರ್ಖಾನೆ ಇತ್ತು. ದೇಶದ ರಾಜರು, ದೊರೆಗಳು ಹೊಡೆದ ಹುಲಿ ಚಿರತೆಗಳೆಲ್ಲ ಅಲ್ಲಿಗೆ ಬಂದು ಹದವಾಗಿ, ಹಲ್ಲು ಕಿರಿದು, ಗಾಜಿನ ಕಣ್ಣು ಬಿಟ್ಟುಕೊಂಡು ಮತ್ತೆ ಲೋಕಸಂಚಾರಕ್ಕೆ ಹೊರಡುತ್ತಿದ್ದವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಕೆಲಸವೂ ಕರಗುತ್ತ ಬಂದು ಶತಮಾನ ಮುಗಿಯುವ ಹೊತ್ತಿಗೆ ಕಾರ್ಖಾನೆ ಬಾಗಿಲು ಮುಚ್ಚಿತು. ನಮ್ಮ ತಲೆಯ ಮೇಲಿನದು ಯಾರ ಕೈಕೆಲಸವೋ, ಮೂತಿಯ ಗೆರೆ, ಮೀಸೆ ಎಲ್ಲ ಈಗ ತಾನೇ ಉಸಿರು ಬಿಟ್ಟ ಹಾಗಿತ್ತು. ಆದರೆ ಒಂದು ಕಣ್ಣು ಯಾವಾಗಲೋ ಬಿದ್ದುಹೋಗಿ, ಆ ಗುಳಿಗೆ ಯಾರೋ ಹಸಿರು ಗೋಲಿ ಕೂರಿಸಿದ್ದರು. ಮಕ್ಕಳಾಡುವ ಗೋಲಿ. ಒಳಗಿನ ಬಳ್ಳಿಬಳ್ಳಿ ಬಣ್ಣವೂ ಕಾಣುತ್ತಿತ್ತು. ಬಲಗಣ್ಣು ನಮ್ಮನ್ನು ತಿನ್ನಲು ನೋಡುತ್ತಿತ್ತು, ಎಡಗಣ್ಣು ಆಟಕ್ಕೆ ಕರೆಯುತ್ತಿತ್ತು. ನಮ್ಮಾಕೆ ಮಂಚದ ಮೇಲೆ ನಿಂತು ಅದರ ಮುಖಕ್ಕೆ ಟವೆಲು ಮುಚ್ಚಿದಳು. "ಇದರ ಎದುರಿಗೆ ಸೀರೆ ಬದಲಾಯಿಸೋಕೆ ನನ್ನಿಂದಾಗಲ್ಲ."

ಬಚ್ಚಲುಮನೆಗೆ ಹೋದಳು. ಅಲ್ಲಿತ್ತು ನೋಡಿ ನಮ್ಮ ಭಾವಮೈದುನ ಫೋಟೋ ನೋಡಿ ಮಾರುಹೋದ ಸ್ನಾನದ ತೊಟ್ಟಿ. ಎರಕದ ಕಬ್ಬಿಣದ್ದು, ಬಿಳಿ ಹೊಳಪು, ಸಿಂಹದ ಪಂಜದ ನಾಲ್ಕು ಕಾಲು. ಏನಿಲ್ಲವೆಂದರೂ ನೂರೈವತ್ತು ಲೀಟರು ಹಿಡಿಯುವ ಆಸಾಮಿ. ಅದರ ನೆತ್ತಿಯ ಮೇಲೆ ಗೋಡೆಗೆ ತಗಲಿಸಿದ್ದ ಗೀಸರು ಹದಿನೈದು ಲೀಟರಿನದು. ಇಲ್ಲಿ ಗಣಿತ ಬೇಕಾಗಿಲ್ಲ, ಕಣ್ಣಳತೆಗೇ ಗೊತ್ತಾಗುತ್ತದೆ. ಬಿಟ್ಟ ಬಿಸಿನೀರು ತಳದಲ್ಲಿ ಹರಡಿಕೊಂಡು ಹಿಮ್ಮಡಿಯ ಮಟ್ಟಕ್ಕೆ ನಿಂತಿತು. ತಣ್ಣಗಿದ್ದ ಅಷ್ಟು ಕಬ್ಬಿಣ ಅದರ ಕಾವನ್ನೆಲ್ಲ ತಾನೇ ಹೀರಿಕೊಂಡು ಬೆಚ್ಚಗಾಯಿತು. ಸ್ನಾನ ಆದದ್ದು ತೊಟ್ಟಿಗೆ. ಚೊಂಬು ಹುಡುಕಿದರೆ ಚೊಂಬಿಲ್ಲ, ಮಗ್ಗಿಲ್ಲ, ಬಕೆಟ್ಟಂತೂ ಇಲ್ಲವೇ ಇಲ್ಲ. ಕೊನೆಗೆ ನಮ್ಮಾಕೆ ಕೋಣೆಯಲ್ಲಿಟ್ಟಿದ್ದ ಟೀ ಕಪ್ಪಿನಲ್ಲಿ ಮೊಗೆದು ಮೊಗೆದು ಹೊಯ್ದುಕೊಂಡಳು. ಗುಬ್ಬಿ ಸ್ನಾನ ಅಂದರೂ ಗುಬ್ಬಿ ಒಪ್ಪಲಾರದು.

ದೂರು ಹೇಳೋಣವೆಂದು ಮೂಲೆಮೇಜಿನ ಮೇಲಿದ್ದ ಹಿತ್ತಾಳೆಯ ಟೆಲಿಫೋನು ಎತ್ತಿದೆ. ಅದು ಅಲಂಕಾರದ್ದು, ಬಾಲವೇ ಇಲ್ಲ. ಮೊಬೈಲು ತೆಗೆದರೆ ಸಿಗ್ನಲ್ ಇಲ್ಲ, ಎರಡಡಿ ದಪ್ಪದ ಗೋಡೆ. ಜಗಲಿ ದಾಟಿ, ನಡುಮನೆ ದಾಟಿ ಹೋಗಿ ಮ್ಯಾನೇಜರ ಮುಂದೆ ನಿಂತೆ. ಅವರು ಕೈಕಟ್ಟಿದರು, ತಲೆ ಓರೆ ಮಾಡಿದರು.

"ಸಾರ್, ಹೆರಿಟೇಜ್ ಪ್ರಾಪರ್ಟಿ. ಆಗಿನ ಕಾಲದಲ್ಲಿ ಗೀಸರ್ ಎಲ್ಲಿತ್ತು? ಹಿತ್ತಲಲ್ಲಿ ತಾಮ್ರದ ಹಂಡೆ. ಕಾಯಿಸಿ, ಆಳುಗಳು ಹೊತ್ತು ತಂದು ಟಬ್ ತುಂಬಿಸ್ತಾ ಇದ್ರು."

"ಒಳ್ಳೇದಾಯ್ತು, ಆ ಆಳುಗಳನ್ನೇ ಕಳಿಸಿ" ಅಂದೆ.

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಆ ಹೊತ್ತಿನಲ್ಲಿ ನನಗೆ ನಮ್ಮ ಪಿಡಬ್ಲ್ಯುಡಿ ಪ್ರವಾಸಿ ಮಂದಿರಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿಬಂತು. ಅವೂ ದೊರೆಗಳು ಓಡಾಡಿದ ಕಟ್ಟಡಗಳೇ. ಅಲ್ಲೊಬ್ಬ ಮೇಟಿ ಇರುತ್ತಾನೆ. ಬೀಡಿ ನಂದಿಸಿ ಎದ್ದು ಬಂದು ಬೀಗ ತೆಗೆಯುತ್ತಾನೆ, "ಫ್ಯಾನು ಒಂದೇ ತಿರುಗ್ತದೆ ಸ್ವಾಮಿ, ಇನ್ನೊಂದು ಕೆಟ್ಟದೆ" ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ, ಸೌದೆ ಒಲೆಯಲ್ಲಿ ನೀರು ಕಾಯಿಸುತ್ತಾನೆ, ಊಟಕ್ಕೆ ನಾಟಿಕೋಳಿಯೋ ಸೊಪ್ಪಿನ ಸಾರೋ ಕೇಳುತ್ತಾನೆ. ಕೆಟ್ಟುಹೋದ ಫ್ಯಾನಿಗೆ ಅವನೆಂದೂ ಚರಿತ್ರೆ ಹೇಳುವುದಿಲ್ಲ.

ಗೋಡೆಯ ವಿಷಯಕ್ಕೆ ಬರೋಣ. ಮಂಚದ ಪಕ್ಕದ ಗೋಡೆ ಸೊಂಟದೆತ್ತರಕ್ಕೆ ಬೊಕ್ಕೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರಿ, ಒಳಗಿಂದ ಬಿಳೀ ಉಪ್ಪು ಹೂಬಿಟ್ಟು ಕಂಡಿತು. "ಹಳೇ ಬಿಲ್ಡಿಂಗ್ ಅಲ್ವಾ ಸಾರ್" ಅಂದ ಹುಡುಗ. ಹಳೇ ಬಿಲ್ಡಿಂಗಿನ ತಪ್ಪಲ್ಲಪ್ಪ ಅದು. ಈ ಗೋಡೆಗಳನ್ನು ಕಟ್ಟಿದ ಕಾಲದ ಗಾರೆ ಸುಣ್ಣದ್ದು. ಸುಣ್ಣ, ಮರಳು ಸೇರಿಸಿ ಗಾಣದಲ್ಲಿ ಅರೆಯುತ್ತಿದ್ದರು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದರು. ನೆಲದ ತೇವ ಆ ಗೋಡೆಗೂ ಏರುತ್ತದೆ, ಆದರೆ ಸುಣ್ಣದ ಮೈಯಲ್ಲಿ ಸಣ್ಣ ಸಣ್ಣ ರಂಧ್ರ, ಏರಿದ್ದು ಆರಿಹೋಗುತ್ತದೆ. ಮೇಲೆ ಹಚ್ಚಿದ್ದೂ ಸುಣ್ಣವೇ ಆದ್ದರಿಂದ ಯಾವ ತಕರಾರೂ ಇಲ್ಲ. ಹೋಟೆಲಿನವರು ಚೆಂದ ಕಾಣಲೆಂದು ಅದರ ಮೇಲೆ ಸಿಮೆಂಟು ಮೆತ್ತಿ, ಸಿಮೆಂಟಿನ ಮೇಲೆ ಫಳಫಳ ಹೊಳೆಯುವ ಪ್ಲಾಸ್ಟಿಕ್ ಎಮಲ್ಷನ್ ಬಳಿದಿದ್ದಾರೆ. ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ಇಲ್ಲ, ಬಣ್ಣವನ್ನು ನೂಕಿಕೊಂಡು ಎದ್ದಿದೆ. ನೂರು ವರ್ಷ ಕೆಡದ ಗೋಡೆಯನ್ನು ಎರಡು ಮಳೆಗಾಲದಲ್ಲಿ ಕೆಡಿಸಿ, ಬೈಗುಳ ಮಾತ್ರ ನೂರು ವರ್ಷದ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಸಂಜೆಗೆ ಸೆಕೆ ಹತ್ತಿತು. ಏಸಿ ಇತ್ತು, ಒಂದೂವರೆ ಟನ್ನಿನದು. ಹತ್ತಡಿ ಎತ್ತರದ ಮಲಗುವ ಕೋಣೆಗೆ ಮಾಡಿದ ಯಂತ್ರ ಆ ಹದಿನೆಂಟು ಅಡಿಯ ಸಭಾಂಗಣದಲ್ಲಿ ಏನು ಮಾಡೀತು ಪಾಪ. ನರಳಿತು, ನೀರು ಸುರಿಸಿತು, ನಿಂತಿತು. ಜಗಲಿಯಲ್ಲಿ ಗಾಳಿಗೆ ಕೂತೆ. ಅಂಗಳದಲ್ಲಿ ಕುಂಡಗಳಿಗೆ ನೀರು ಹಾಕುತ್ತಿದ್ದ ಮುದುಕ ಮಾಲಿ ನನ್ನ ಬೆವರು ನೋಡಿ ತಾನಾಗಿ ಮಾತಿಗಿಳಿದ.

"ಸೆಕೆ ಆಯ್ತದಾ ಬುದ್ಧಿ? ಆಗದೆ ಇನ್ನೇನು. ಮೊದ್ಲು ಮ್ಯಾಲೆ ಗಾಜಿನ ಕಿಂಡಿ ಇದ್ವು, ಒಂದು ಹಗ್ಗ ಇಳೆ ಬಿದ್ದಿತ್ತು. ಎಳುದ್ರೆ ತಕ್ಕಳದು. ಬಿಸಿ ಎಲ್ಲಾ ಮ್ಯಾಕ್ಕೋಗಿ ಅಲ್ಲಿಂದ ಹೊಂಟೋಗದು. ಏಸಿ ಇಕ್ಕುವಾಗ ಹಲಗೆ ಹೊಡ್ದು ಮುಚ್ಬುಟ್ರು."

ಒಳಗೆ ಹೋಗಿ ಕತ್ತೆತ್ತಿ ನೋಡಿದೆ. ತೊಲೆಯ ಕೆಳಗೆ, ಗೋಡೆಯ ನೆತ್ತಿಯಲ್ಲಿ ಸಾಲಾಗಿ ಅರ್ಧಚಂದ್ರದ ಕಿಂಡಿಗಳು, ಅದಕ್ಕೆ ಅಡ್ಡಲಾಗಿ ಪ್ಲೈವುಡ್. ಒಂದರ ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ಹಿತ್ತಾಳೆಯ ಪುಟ್ಟ ರಾಟೆ ಇನ್ನೂ ಇತ್ತು. ಅಷ್ಟು ಎತ್ತರ ಕಟ್ಟಿಸಿದ್ದೇ ಅದಕ್ಕೆ. ಬಿಸಿಗಾಳಿ ತಲೆಯ ಮೇಲೆ ಏರಿ ಕಿಂಡಿಯಿಂದ ಹೋಗಬೇಕು, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಗೆ ಬರಬೇಕು. ಕರೆಂಟಿಲ್ಲದ ಕಾಲದಲ್ಲಿ ಬಂಗಲೆಯನ್ನು ತಂಪಾಗಿಟ್ಟಿದ್ದ ಏರ್ಪಾಟನ್ನು ಮೊಳೆ ಹೊಡೆದು ಕೊಂದಿದ್ದಾರೆ, ಉಪಯೋಗಕ್ಕೆ ಬಾರದ ಹಿತ್ತಾಳೆ ಫೋನಿಗೆ ದಿನಾ ಪಾಲಿಶ್ ಹಾಕುತ್ತಿದ್ದಾರೆ. ನನಗೆ ನಿಜವಾಗಿ ಸಿಟ್ಟು ಬಂದದ್ದು ಬಿಸಿನೀರಿಗಲ್ಲ, ಇದಕ್ಕೆ. ಮಾಲಿ ಹೇಳಿದಂತೆ ಪಡುವಣದ ಕಿಟಕಿಯನ್ನೂ ಎದುರಿನ ಜಗಲಿ ಬಾಗಿಲನ್ನೂ ತೆಗೆದಿಟ್ಟೆ. ಅರ್ಧ ಗಂಟೆಯಲ್ಲಿ ಕೋಣೆ ಹಿತವಾಯಿತು. ಸೊಳ್ಳೆಯೂ ಬಂತು. ಮಂಚದ ಸೊಳ್ಳೆಪರದೆಯಲ್ಲಿ ಅಂಗೈಯಗಲದ ತೂತು, ಅದಕ್ಕೆ ನಮ್ಮಾಕೆ ಸೀರೆಯ ಪಿನ್ನು ಹಾಕಿ ಮುಚ್ಚಿದಳು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಮಹಾರಾಜಾ ಥಾಳಿ"ಯಲ್ಲಿ ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ ಇದ್ದವು. ನಾಲ್ವಡಿಯವರ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತೆನ್ನುವ ಮೈಸೂರುಪಾಕನ್ನು ಅದೇ ಊರಿನಲ್ಲಿ ಚಮಚದಿಂದ ಮುರಿಯಲು ಹೋಗಿ ಚಮಚ ಬಾಗಿಸಿಕೊಂಡೆ. ನಡುವೆ ಕರೆಂಟು ಹೋಯಿತು. ಸಾಫಾದ ಹುಡುಗ ಓಡಿಬಂದು ಮೇಜಿನ ಮೇಲೆ ಒಂದು ಮೋಂಬತ್ತಿ ಹಚ್ಚಿಟ್ಟ. ಬೆಳಿಗ್ಗೆ ಎದ್ದವರೇ ನಜರ್‌ಬಾದಿಗೆ ಹೋಗಿ ಮೈಲಾರಿಯಲ್ಲಿ ಜನರ ಹಿಂದೆ ನಿಂತು, ಜಾಗ ಸಿಕ್ಕ ಮೇಲೆ ಬೆಣ್ಣೆ ಹಾಕಿದ ಮೆತ್ತನೆಯ ದೋಸೆ, ಸಾಗು ತಿಂದೆವು. ನಮ್ಮಾಕೆ ಎರಡನೆಯ ದೋಸೆಗೆ ಕೈಹಾಕುತ್ತ "ಈಗ ಮೈಸೂರಿಗೆ ಬಂದ ಹಾಗಾಯ್ತು ನೋಡಿ" ಅಂದಳು.

ಅಲ್ಲೇ ಬೀದಿಯಲ್ಲಿ ಸಿಗ್ನಲ್ಲೂ ಸಿಕ್ಕಿತು, ಭಾವಮೈದುನನ ಫೋನೂ ಬಂತು. "ಏನ್ ಭಾವ, ಹೇಗಿದೆ ಅರಮನೆ?" ನಮ್ಮಾಕೆ ಕಣ್ಣಲ್ಲೇ ಎಚ್ಚರಿಸಿದಳು. "ಏನ್ ಹೇಳ್ಲಪ್ಪಾ, ಮಾತೇ ಬರ್ತಿಲ್ಲ" ಅಂದೆ. ಅವನಿಗೆ ಖುಷಿಯೋ ಖುಷಿ. "ಮುಂದಿನ ವರ್ಷ ಜೋಧಪುರಕ್ಕೆ ಮಾಡ್ತೀನಿ ತಾಳಿ" ಅಂದ. ತಮ್ಮನ ಧಾರಾಳ ಕೇಳಿ ಅಕ್ಕನ ಮುಖ ಬಾಡಿತು.

ಹೊರಡುವಾಗ ಬಿಲ್ಲು ಬಂತು. ಬಾಡಿಗೆ ಅವನು ಕಟ್ಟಿದ್ದನಲ್ಲ, ಇದು ಮೇಲುಖರ್ಚಿನದು. ಅದರಲ್ಲಿ "ಕ್ಯಾಂಡಲ್ ಲೈಟ್ ಡಿನ್ನರ್" ಅಂತ ಒಂದು ಸಾಲು.

"ಕರೆಂಟ್ ಹೋಗಿತ್ತಲ್ರೀ?" ಅಂದೆ.

"ಆಂಬಿಯನ್ಸ್ ಸಾರ್" ಅಂದರು ಮ್ಯಾನೇಜರು. ಅಷ್ಟರಲ್ಲಿ ಕೋಣೆ ನೋಡಿಬರಲು ಹೋಗಿದ್ದ ಹುಡುಗ ಬಂದು ಅವರ ಕಿವಿಯಲ್ಲಿ ಏನೋ ಊದಿದ. ಮ್ಯಾನೇಜರು ಕೈಕಟ್ಟಿ, ತಲೆ ಓರೆ ಮಾಡಿ, ಬಹಳ ಸಂಕೋಚದಿಂದ ನಮ್ಮಾಕೆಯ ಕಡೆ ತಿರುಗಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ರೂಮಿನಲ್ಲಿ ಒಂದು ಟವೆಲ್ ಕಮ್ಮಿ ಇದೆಯಂತೆ."

"ನಿಮ್ಮ ಚಿರತೆ ಹೊದ್ಕೊಂಡಿದೆ" ಅಂದಳು ಅವಳು. "ಅದು ಹೆರಿಟೇಜ್ ಅಲ್ವಾ, ನಾನು ಮುಟ್ಟಬಾರದು ಅಂತ ಹಾಗೇ ಬಿಟ್ಟೆ."

ಹುಡುಗ ಸಾಫಾ ಸರಿಮಾಡಿಕೊಂಡು ಏಣಿ ಹುಡುಕಲು ಹೋದ.